ಗುಳ್ಳೆಯಿದ್ದ ಚೂರು

ಹೊಳೆದಂಡೆಯ ಮಠದಲ್ಲಿ ಮೌನಯ್ಯಜ್ಜ ಒಡೆದ ಗಾಜು ಕೂಡಿಸುತ್ತಿದ್ದರು.

ಗುಡಿಯ ಬಣ್ಣದ ಕಿಟಕಿ, ದರ್ಗಾದ ತೂಗುದೀಪ, ಹಳೇ ವಾಡೆಯ ಹೂದಾನಿ, ಏನೇ ಒಡೆಯಲಿ, ಜನ ಚೂರುಗಳನ್ನು ಗಂಟು ಕಟ್ಟಿಕೊಂಡು ಅಲ್ಲಿಗೇ ಬರುತ್ತಿದ್ದರು. ಯಾರಿಗೂ ಬೇಡವಾದ ಚೂರುಗಳನ್ನೂ ಅಜ್ಜ ಬಿಡುತ್ತಿರಲಿಲ್ಲ. ಬಣ್ಣಕ್ಕೊಂದು ಬುಟ್ಟಿ ಮಾಡಿ ಕೂಡಿಟ್ಟಿದ್ದರು.

ಅವರ ಶಿಷ್ಯ ಗ್ಯಾನಪ್ಪ. ಕೈ ಚುರುಕು. ಬಾಯಿ ಅದಕ್ಕಿಂತ ಚುರುಕು.

"ಅಜ್ಜಾರು ಕೂಡಿಸಿದರ ಗೆರಿ ಕಾಣತೈತಿ. ನಾ ಕೂಡಿಸಿದರ ಒಡೆದವರಿಗೇ ಮರತ್ಹೋಗತೈತಿ," ಎಂದು ಮೀಸೆ ತಿರುವುತ್ತಿದ್ದ.

"ಹಂಗಾರ ನಮ್ಮತ್ತಿ ಬಾಯಿ ಒಂದೀಟು ಅಂಟಿಸಿ ಕೊಡಪಾ," ಎಂದು ನೀರಿಗೆ ಬಂದ ಹೆಂಗಸರು ನಗುತ್ತಿದ್ದರು.

ಮಠದಲ್ಲಿದ್ದದ್ದು ಎರಡೇ ಕಟ್ಟಳೆ. ಒಡೆದ ಅಂಚನ್ನು ತಿಕ್ಕಬಾರದು. ಬಿಸಿನೀರಿಗೆ ಬಿಡದಂಥ ಅಂಟು ಹಚ್ಚಬಾರದು.

ಒಂದು ದಿನ ಮಾಬವ್ವ ಬಂದಳು. ದರ್ಗಾದ ಕಸ ಗುಡಿಸುವವಳು. ಒರೆಸುವಾಗ ಅವಳ ಕೈಯಿಂದಲೇ ಹಸಿರು ತೂಗುದೀಪ ಜಾರಿತ್ತು. ಮೊಣಕಾಲೂರಿ ಚೂರು ಚೂರೂ ಆರಿಸಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು.

"ಉರುಸಿಗೆ ಈ ದೀಪ ತೂಗಬೇಕ್ರಿ ಅಜ್ಜಾರ. ಇಲ್ಲಂದ್ರ ನಾ ಆ ಹೊಸ್ತಿಲ ತುಳಿಯಂಗಿಲ್ಲ. ಯಾರೂ ಬೈದಿಲ್ರಿ. ಬೈದಿದ್ರ ಹಗುರಾಗತಿತ್ತು."

"ಇದು ನನಗಿರಲಿ," ಎಂದು ಗ್ಯಾನಪ್ಪ ಗಂಟು ಕಸಿದುಕೊಂಡೇಬಿಟ್ಟ.

ಮೊದಲ ಎರಡು ಚೂರು ಕೂಡಿಸಿದ. ನಡುವೆ ಎಳೆಯಂಥ ಗೆರೆ ಕಂಡಿತು. ಅದು ಅವನ ಕಣ್ಣಿಗೆ ಮುಳ್ಳಾಯಿತು. ಅಜ್ಜ ಹೊಳೆಗೆ ಸ್ನಾನಕ್ಕಿಳಿದಿದ್ದರು. ಚೂರು ಬಿಡಿಸಿ, ಒಂದರ ಅಂಚನ್ನು ಕಲ್ಲಿಗೆ ಇಷ್ಟೇ ಇಷ್ಟು ತಿಕ್ಕಿ ಮತ್ತೆ ಕೂಡಿಸಿದ. ಗೆರೆ ಮಾಯ!

ಅಜ್ಜ ಮೆಟ್ಟಿಲು ಹತ್ತುವಷ್ಟರಲ್ಲಿ ಓಡಿಹೋಗಿ ಬಿಸಿಲಿಗೆ ಹಿಡಿದು ತೋರಿಸಿದ.

"ಗೆರಿ ಕಾಣತೈತೇನ್ರಿ, ಅಜ್ಜಾರ?"

ಅಜ್ಜ ತಿರುಗಿಸಿ ತಿರುಗಿಸಿ ನೋಡಿದರು.

"ಇಲ್ಲ."

"ಹೆಂಗೈತಿ ಕೈ?"

"ಉಳಿದದ್ದು ಮುಗಸು."

ಗ್ಯಾನಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದ.

ದೀಪ ದುಂಡಗೆ ಸುತ್ತಿ ಬಂತು. ಕೊನೆಯ ಚೂರು ಮಾತ್ರ ಕೂರಲಿಲ್ಲ. ಉಳಿದ ಕಂಡಿ ಚಿಕ್ಕದು, ಚೂರು ದೊಡ್ಡದು. ಹೀಗೆ ತಿರುಗಿಸಿದ, ಹಾಗೆ ತಿರುಗಿಸಿದ. ಮುನಿಸಿಕೊಂಡ ಅಳಿಯನಂತೆ ಅದು ಹೊರಗೇ ನಿಂತಿತು.

ಎಲ್ಲ ಬಿಚ್ಚಿ ಮತ್ತೆ ಕೂಡಿಸಬೇಕೆಂದರೆ ಅಜ್ಜನಿಗೆ ಹೇಳಬೇಕು. ದಂಡೆಯುದ್ದಕ್ಕೂ ಮೆರೆದ ಬಾಯಿಂದ ಆ ಒಂದು ಮಾತು ಹೊರಡಲಿಲ್ಲ. ಹಸಿರು ಬುಟ್ಟಿಯಿಂದ ಬೇರೊಂದು ಗಾಜು ತೆಗೆದು, ಕಂಡಿಗೆ ತಕ್ಕಂತೆ ಕತ್ತರಿಸಿ ಕೂರಿಸಿದ.

ಅಂಟು ಒಣಗಿತು. ಉಳಿದ ಚೂರನ್ನು ಹೊಳೆಗೆ ಎಸೆಯೋಣವೆಂದು ಪಂಚೆಯ ಚುಂಗಿನಲ್ಲಿ ಕಟ್ಟಿಕೊಂಡು ಹೊರಟ. ಬಾಗಿಲಲ್ಲೇ ಮಾಬವ್ವ ಎದುರಾದಳು.

ಅಜ್ಜ ದೀಪ ಹಚ್ಚಿ ತೂಗುಹಾಕಿದರು. ಬೆಳಕು ಹಾಯಿಸಿ ತೋರಿಸದೆ ಏನನ್ನೂ ಒಪ್ಪಿಸುವ ರೂಢಿ ಅಲ್ಲಿರಲಿಲ್ಲ.

"ಎಂಥಾ ಕೈ ತಮ್ಮಾ ನಿಂದು! ಒಡದೇ ಇಲ್ಲ ಅನ್ನಂಗೈತಿ," ಎಂದಳು ಮಾಬವ್ವ.

ಗ್ಯಾನಪ್ಪನ ಕೈ ತಾನಾಗಿ ಮೀಸೆಗೆ ಹೋಯಿತು.

ಮಾಬವ್ವ ದೀಪದ ಸುತ್ತ ಒಮ್ಮೆ ಬಂದಳು. ಮತ್ತೊಮ್ಮೆ ಬಂದಳು.

"ಇದರಾಗ ಒಂದು ಗುಳ್ಳಿ ಇತ್ರಿ. ಸಾಸಿವಿಕಾಳಿನಷ್ಟು. ಗಾಜು ಊದುವಾಗ ಒಳಗ ಉಳಕೊಂಡಿದ್ದು. ದೀಪ ಹಚ್ಚಿದ ಕೂಡಲೆ ಮೊದಲ ಅದು ಮಿಣುಕತಿತ್ತು."

ಗ್ಯಾನಪ್ಪ ಚುಂಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ನಂದೇ ತಪ್ಪು ಬಿಡ್ರಿ. ಆರಿಸುವಾಗ ಕಣ್ತಪ್ಪಿ ಗುಡಿಸಿ ಚೆಲ್ಲೀನಿ. ಪಾಪ, ನಾ ಮಾಡಿದ ಕೊರತಿ ಈ ತಮ್ಮ ತುಂಬ್ಯಾನ. ಈಗ ಹೋಗಿ ತಿಪ್ಪಿ ಕೆದರಿ ನೋಡತೀನಿ."

ಗ್ಯಾನಪ್ಪನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅವಳ ಬೆರಳ ತುದಿಯ ಗೀರುಗಳು ಇನ್ನೂ ಮಾಯ್ದಿರಲಿಲ್ಲ. ಅವು ಅವನ ಅಂಗೈಗೆ ಒರಟಾಗಿ ತಾಗಿದವು.

ಅವನು ಅಜ್ಜನ ಕಡೆ ನೋಡಿದ. ಅಜ್ಜ ಆಗಲೇ ಒಲೆಯ ಮೇಲೆ ನೀರಿಟ್ಟು ಉರಿ ಊದುತ್ತಿದ್ದರು.

ಮಾಬವ್ವ ಅಂಗಳ ದಾಟುತ್ತಿದ್ದಳು.

"ಯವ್ವಾ, ನಿಂದ್ರು."

ಚುಂಗಿನ ಗಂಟು ಬಿಚ್ಚಿ ಅಂಗೈ ಚಾಚಿದ. ಕಣ್ಣು ಎತ್ತಲಾಗಲಿಲ್ಲ.

"ನೀ ಚೆಲ್ಲಿದ್ದಿಲ್ಲ. ಕೂಡಲಿಲ್ಲಂತ ನಾ ಮುಚ್ಚಿಟ್ಟೆ."

ಮಾಬವ್ವ ಚೂರನ್ನು ಬೆಳಕಿಗೆ ಹಿಡಿದಳು. ಗುಳ್ಳೆ ಮಿಣುಕಿತು.

"ಹಂಗಾರ ನಾ ಎಲ್ಲಾ ಆರಿಸಿದ್ದೆ," ಎಂದಳು. ಅಷ್ಟೇ.

ಬೈದಿದ್ದರೆ ಹಗುರಾಗುತ್ತಿತ್ತು.

ನೀರು ಬೆಚ್ಚಗಾಗಿತ್ತು. ಅಜ್ಜ ಪಾತ್ರೆ ಇಳಿಸಿ ಗ್ಯಾನಪ್ಪನ ಮುಂದಿಟ್ಟರು. ದೀಪ ಆರಿಸಿ, ತಣಿಯಲು ಬಿಟ್ಟು, ಅವನ ಕೈಗೇ ಕೊಟ್ಟರು.

ಅವನೇ ಮುಳುಗಿಸಿದ. ಅಂಟು ಒಂದೊಂದು ಕಡೆ ಬಿಡುತ್ತಾ ಬಂತು. ಊರೆಲ್ಲ ಹೇಳಿಕೊಳ್ಳಬೇಕೆಂದಿದ್ದ ಕೆಲಸ ಪಾತ್ರೆಯ ತಳ ಸೇರಿತು.

"ಉರುಸಿಗೆ ಆಗತೈತೇನ್ರಿ, ಅಜ್ಜಾರ?" ಮಾಬವ್ವ ಕೇಳಿದಳು.

"ಆಗತೈತಿ ತಾಯಿ. ಆದರ ಗೆರಿ ಕಾಣತೈತಿ."

"ಕಾಣಲಿ ಬಿಡ್ರಿ. ಒಡದಿದ್ದು ಖರೇನ ಐತಲ್ಲ."

ಅವಳು ಹೋದಳು. ಗ್ಯಾನಪ್ಪ ಚೂರುಗಳನ್ನು ಬಟ್ಟೆಯ ಮೇಲೆ ಹರವಿಕೊಂಡು ಕೂತ. ಒಂದೊಂದರ ಅಂಚಿಗೂ ಬೆರಳಾಡಿಸಿ ನೋಡಿದ.

"ಅಜ್ಜಾರ, ಕೊನೀ ಚೂರಿಗೆ ಜಾಗ ಇಲ್ಲದಂಗ ಮಾಡಿದ್ದು ಇದರಾಗ ಯಾವ ಚೂರು?"

ಅಜ್ಜ ಒಲೆಯ ಕೆಂಡ ಆರಿಸುತ್ತಾ ಹೇಳಿದರು:

"ಗೆರಿ ಕಾಣತೈತೇನು ಅಂತ ಓಡಿ ಬಂದು ನನಗ ತೋರಿಸಿದ್ಯಲ್ಲ, ಅದು."