ಒರತೆಯ ಬಳಿಯ ಅಟ್ಟಣೆ

"ಗುರುಗಳೇ, ಕಾಯುವುದು ಎಂದರೆ ಎಷ್ಟು ದಿನ?" ಎಂದು ಶಿಷ್ಯ ಕೇಳಿದ. ಅವನು ಧ್ಯಾನಕ್ಕೆ ಕೂರಲು ತೊಡಗಿ ಒಂಬತ್ತು ವರ್ಷವಾಗಿತ್ತು. ಏನೂ ಕಾಣಲಿಲ್ಲವೆಂದು ಬೇಸತ್ತು, ಊರಿಗೆ ಹೊರಡಲು ಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಗಂಟನ್ನು ನೋಡಿದರು. "ಗಂಟು ಕಟ್ಟಿಯಾದ ಮೇಲೆ ಪ್ರಶ್ನೆಯೋ? ಇರಲಿ, ಕೂತುಕೋ. ಒಂದು ಕತೆ ಕೇಳಿಕೊಂಡು ಹೋಗು" ಎಂದು ಹೇಳತೊಡಗಿದರು.

ಕಾಡಂಚಿನ ಒಂದು ಹಟ್ಟಿಗೆ ಇದ್ದದ್ದು ಒಂದೇ ಒರತೆ. ನೀರಿಗೆ ಹೋದ ಇಬ್ಬರು ಹೆಂಗಸರನ್ನು ಅಲ್ಲಿ ಹುಲಿ ಹೊತ್ತೊಯ್ದಿತು. ಹಟ್ಟಿಯವರು ಒಬ್ಬ ಬೇಟೆಗಾರನನ್ನು ಕರೆಸಿದರು. ಮನೆಗಳಲ್ಲಿದ್ದ ನೀರು ನಾಲ್ಕು ದಿನಕ್ಕೆ ಸಾಕಾಗುವಷ್ಟಿತ್ತು. ಅಷ್ಟರೊಳಗೆ ಹುಲಿ ಬೀಳದಿದ್ದರೆ ಹೆಂಗಸರು ಕೊಡ ಹೊತ್ತು ಮತ್ತೆ ಅದೇ ಒರತೆಗೆ ಹೋಗಲೇಬೇಕು.

ಬೇಟೆಗಾರ ಒರತೆಯ ಪಕ್ಕದ ಮರದಲ್ಲಿ ಅಟ್ಟಣೆ ಕಟ್ಟಿ, ಕೋವಿ ಹಿಡಿದು ಕೂತ. ಅಟ್ಟಣೆ ಹತ್ತಿದವನು ತಾನಾಗಿ ಇಳಿಯುವವರೆಗೆ ಯಾರೂ ಅವನನ್ನು ಮಾತನಾಡಿಸಬಾರದು, ಅವನನ್ನು ಮರವೆಂದೇ ತಿಳಿಯಬೇಕು. ಅದು ಆ ಕಡೆಯ ಕಟ್ಟಳೆ.

ಅವನು ಗಟ್ಟಿಗ. ಕೆಂಜಿಗ ಕಚ್ಚಿದರೂ ಕೈ ಎತ್ತಲಿಲ್ಲ. ಕೆಮ್ಮು ಬಂದರೆ ನುಂಗಿಕೊಂಡ. ಕಾಲು ಜೋಮು ಹಿಡಿದರೂ ಮಡಿಚಿದ್ದನ್ನು ಬಿಡಿಸಲಿಲ್ಲ. ಆದರೆ ಎಲೆ ಅಲುಗುವುದನ್ನೇ ನೋಡುತ್ತ ನೋಡುತ್ತ ಮೊದಲ ದಿನ ಅವನು ಕೂತಲ್ಲಿಂದಲೇ ಮನೆಗೆ ಹೋದ. ಹೆಂಡತಿ ಬಿಸಿ ಮುದ್ದೆ ಬಡಿಸಿದಳು, ಉಂಡ. ಎರಡನೆಯ ದಿನ, ಎಂದೋ ಭಾವಮೈದುನನೊಂದಿಗೆ ಆಡಿ ಸೋತಿದ್ದ ಜಗಳವನ್ನು ಮೊದಲಿನಿಂದ ಆಡಿ ಗೆದ್ದ. ಮೂರನೆಯ ದಿನ ಹುಲಿಯನ್ನೇ ಕಂಡ. ಅದು ಆನೆಯಷ್ಟು ದೊಡ್ಡದು, ಮೈಯೆಲ್ಲ ಚಿನ್ನ, ಮರಗಳ ತುದಿಯ ಮೇಲೆ ಸದ್ದಿಲ್ಲದೆ ನಡೆದು ಬರುತ್ತಲೇ ಇತ್ತು. ಅದನ್ನು ನೋಡುತ್ತ ಇಡೀ ದಿನ ಮೈಮರೆತ.

ನಾಲ್ಕನೆಯ ಬೆಳಿಗ್ಗೆ ಕಣ್ಣುಜ್ಜಿಕೊಂಡು ಇಳಿದ. ಹುಲಿಯ ಬಾಯಿಗೆ ಸೊಸೆಯನ್ನು ಕಳೆದುಕೊಂಡಿದ್ದ ಒಬ್ಬ ಮುದುಕಿ ದೂರದ ಬಂಡೆಯ ಮೇಲೆ ಕೂತಿದ್ದಳು.

"ಅದು ಇಲ್ಲಿಗೆ ಬರಾಕಿಲ್ಲ ಕಣಜ್ಜಿ" ಎಂದ.

ಮುದುಕಿ ಎದ್ದು ಬಂದು ಅವನನ್ನು ಒರತೆಯ ಕೆಸರಿನ ಬಳಿಗೆ ಕರೆದೊಯ್ದಳು. "ಈ ಹೆಜ್ಜೆ ಮೊದಲ್ನೇ ದಿನದ್ದು, ಒಣಗಿ ಬಿರುಕು ಬಿಟ್ಟೈತೆ. ಇದು ಮೊನ್ನೇದು, ಮ್ಯಾಲೆ ಎಲೆ ಬಿದ್ದೈತೆ. ಇದು ನಿನ್ನೆ ಸಂಜೇದು, ಇನ್ನೂ ಹಸಿ. ದಿನಾ ನಿನ್ನ ಕಾಲಡೀಲೇ ನೀರು ಕುಡಿದು ಹೋಗೈತೆ. ಮರದ ಮ್ಯಾಲಿರೋನ್ನ ಕೂಗಂಗಿಲ್ಲ. ನಾನೇನು ಮಾಡ್ಲಪ್ಪ?"

ಬೇಟೆಗಾರನಿಗೆ ತುಂಬ ನಾಚಿಕೆಯಾಯಿತು. ಮತ್ತೆ ಮರ ಹತ್ತಿದ. ಅಂದು ಮನಸ್ಸು ಮನೆಗೆ ಹೊರಟಿತು, ಕರೆತಂದು ಕೂರಿಸಿದ. ಜಗಳಕ್ಕೆ ಹೊರಟಿತು, ಕರೆತಂದ. ಚಿನ್ನದ ಹುಲಿಯ ಹಿಂದೆ ಹೊರಟಿತು. ಅಲ್ಲಿಂದ ಕರೆತರುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಮನಸ್ಸು ಎಲ್ಲಿಗೂ ಹೊರಡಲಿಲ್ಲ. ನೀರಿತ್ತು, ನೀರಿನಲ್ಲಿ ಮೋಡವಿತ್ತು. ಆ ಮೋಡದ ಪಕ್ಕ ಒಂದು ಮುಖ ಮೂಡಿ ನೀರಿಗೆ ಬಾಯಿಟ್ಟಿತು. ಬಡಕಲು ಹುಲಿ, ಒಂದು ಕಾಲು ಕುಂಟು. ಕೋವಿಯ ಒಂದೇ ಗುಂಡಿಗೆ ಬಿತ್ತು. ಮರುದಿನ ಹೆಂಗಸರು ನೀರಿಗೆ ಹೋದರು.

ಗುರುಗಳು ಕತೆ ನಿಲ್ಲಿಸಿದರು. "ಹಾಗಾದರೆ ಬೇಟೆಗಾರ ಕಾದದ್ದು ನಾಲ್ಕು ದಿನ" ಎಂದ ಶಿಷ್ಯ.

"ಅಲ್ಲ, ಒಂದು ಸಂಜೆ" ಎಂದರು ಗುರುಗಳು. ಶಿಷ್ಯ ಗಂಟು ಬಿಚ್ಚತೊಡಗಿದ.