ಆಟೀನ್ ಎಂಟು

ಆಚೆ ದಂಡೆಯ ದೇಸಾಯರ ಮನೆತನ ಸುತ್ತಲಿನ ಊರಿಗೆಲ್ಲ ಗೊತ್ತು. ಇಂದುಮತಿಯ ಮುತ್ತಜ್ಜ ಹೊಲದ ಬದುವಿನ ಜಗಳಗಳಿಗೆ ನ್ಯಾಯ ಹೇಳುತ್ತಿದ್ದರು. ಅಜ್ಜ ನದಿಗೆ ಕಲ್ಲಿನ ಪಾವಟಿಗೆ ಕಟ್ಟಿಸಿದರು. ಆ ಪಾವಟಿಗೆಯ ಮೇಲೆ ಯಾರಾದರೂ ಉಗುಳಿದರೆ, ತಂದೆ ಉಗುಳಿದವರ ಕೈಯಿಂದಲೇ ತೊಳೆಸುತ್ತಿದ್ದರು. ಆ ಮನೆಯವರು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಕಂಡವರು ಹೇಳಿರಲಿಲ್ಲ.

ಅಂಥ ಮನೆಯ ಮಗಳು, ಕಾನ್ವೆಂಟಿನಲ್ಲಿ ಓದಿದವಳು, ಇಸ್ಪೀಟಿನ ಕಟ್ಟು ಹಿಡಿದು ಈಚೆ ದಂಡೆಗೆ ಬಂದಳು. ಜೂಜಿಗಲ್ಲ. ಜಾದೂ ಕಲಿಯುವುದಕ್ಕೆ.

ಈಚೆ ದಂಡೆಯ ಮಂಟಪದಲ್ಲಿ ರುಕ್ಮಾಬಾಯಿ ಇದ್ದರು. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ, ಪರದೆ ಬದಲಾಗುವಷ್ಟು ಹೊತ್ತು, ಎಲೆಗಳ ಜಾದೂ ಮಾಡಿ ಮಂದಿಯನ್ನು ಕೂರಿಸುತ್ತಿದ್ದವರು. ಹಲ್ಲು ಹೋಗಿತ್ತು. ಕೈ ಹೋಗಿರಲಿಲ್ಲ.

ರುಕ್ಮಾಬಾಯಿ ಮೊದಲು ಗುರುತು ಹಾಕುವುದನ್ನು ಕಲಿಸಿದರು. ಎಲೆಗಳ ಬೆನ್ನಿಗೆ ಒಂದೇ ನಮೂನೆಯ ಹೂಬಳ್ಳಿ. ಮೂಲೆಯ ಹೂವಿನ ಒಂದು ಎಸಳನ್ನು ಸೂಜಿಮೊನೆಯಷ್ಟು ಶಾಯಿಯಿಂದ ದಪ್ಪ ಮಾಡಬೇಕು. ಯಾವ ಎಸಳು ದಪ್ಪವೋ ಅದನ್ನು ನೋಡಿ, ಬೋರಲು ಬಿದ್ದ ಎಲೆಯ ಹೆಸರು ಹೇಳಬಹುದು.

ಇಂದುಮತಿ ಕಟ್ಟಿಗೆಲ್ಲ ಗುರುತು ಹಾಕಿ ತಂದಳು. ಒಂದು ಎಸಳೂ ಹೆಚ್ಚುಕಡಿಮೆ ಇಲ್ಲ.

ರುಕ್ಮಾಬಾಯಿ ಒಂದು ಎಲೆ ಬೋರಲು ಇಟ್ಟರು. ಇಂದುಮತಿ ಬಗ್ಗಿ ನೋಡಿದಳು.

“ಹೇನು ಹುಡುಕಾಕತ್ತೀಯೇನು?”

“ಎಸಳು ನೋಡುತ್ತಿದ್ದೇನೆ ಅವ್ವಾ.”

“ನೀ ನೋಡಿದಲ್ಲೇ ಮಂದೀನೂ ನೋಡ್ತಾರ. ಅವರ ಮಾರಿ ನೋಡು. ಆರಾಮ ಅದೀರೇನ್ರಿ ಅನ್ನು. ಅಷ್ಟ್ರಾಗ ಎಸಳು ತಾನ ಕಾಣ್ತದ.”

ಅದನ್ನೂ ಇಂದುಮತಿ ಕಲಿತಳು. ‘ಆರಾಮವೇ?’ ಎಂದು ಕೇಳಿ ಮುಗಿಸುವುದರೊಳಗೆ ಎಲೆಯ ಹೆಸರು ನಾಲಿಗೆಯ ತುದಿಗೆ ಬಂದಿರುತ್ತಿತ್ತು. ಎದುರಿನವರ ಉತ್ತರ ಮಾತ್ರ ಅವಳ ಕಿವಿಗೆ ಬೀಳುತ್ತಿರಲಿಲ್ಲ.

ರುಕ್ಮಾಬಾಯಿಯ ಹತ್ತಿರ ಒಂದು ಹಳೆಯ ಕಟ್ಟು ಇತ್ತು. ಅವರ ಗುರು ಕೊಟ್ಟದ್ದು. ಅದು ಯಾರ ಕೈಗೆ ಬಂತೋ ಅವರಿಗೆ ಮಂದಿಯ ಮುಂದೆ ನಿಲ್ಲುವ ಅಪ್ಪಣೆ ಬಂದ ಹಾಗೆ. ಇಂದುಮತಿಗೆ ಆ ಕಟ್ಟು ಬೇಕಾಗಿತ್ತು.

“ಯಾವಾಗ ಕೊಡುತ್ತೀರಿ ಅವ್ವಾ?”

“ದೋಣಿಗೆ ಕಾಯೋ ಮಂದಿ ಮುಂದ ಆಡು. ಅವರು ನಕ್ಕೋತ ದೋಣಿ ಹತ್ತಿದರ, ಕಟ್ಟು ನಿಂದು.”

ಮರುದಿನ ಇಂದುಮತಿ, ಮಂಟಪದಲ್ಲಿ ಕೂತ ರುಕ್ಮಾಬಾಯಿಗೆ ಮಾತು ಕೇಳುವಷ್ಟು ಹತ್ತಿರ, ದಂಡೆಯ ಹುಣಸೆಮರದ ಕೆಳಗೆ ಜಮಖಾನೆ ಹಾಸಿ ಎಲೆಗಳನ್ನು ಬೋರಲು ಹರಡಿದಳು. ಹೊಸ ಬೀಗರನ್ನು ಕರೆದುಕೊಂಡು ಹೊರಟಿದ್ದ ಈರಬಸಪ್ಪ ಎಂಬ ಮುದುಕ, ತಲೆಗೆ ದೊಡ್ಡ ಪಟಗ ಸುತ್ತಿಕೊಂಡು, ಎಲ್ಲರಿಗಿಂತ ಮುಂದೆ ಬಂದು ಕೂತ. ಒಂದು ಎಲೆ ಎತ್ತಿದ. ಕಣ್ಣು ಕಿರಿದು ಮಾಡಿ ಒಬ್ಬನೇ ನೋಡಿಕೊಂಡ. ಮತ್ತೆ ಬೋರಲು ಇಟ್ಟ.

“ಆರಾಮವೇ ಅಜ್ಜಾ?” ಎಂದಳು ಇಂದುಮತಿ.

“ಆರಾಮ ಎಲ್ಲೈತ್ರಿ ಬಾಯಾರ, ಕಣ್ಣು ಮಂಜ ಆಗ್ಯಾವ...”

“ಆಟೀನ್ ಏಳು!”

ಮಂದಿ ಮುದುಕನ ಕಡೆ ತಿರುಗಿದರು. ಅವನು ತಲೆ ಅಲ್ಲಾಡಿಸಿದ.

“ಅಲ್ಲ ಬಿಡ್ರಿ. ಎಂಟು.”

“ಏಳು.”

“ನಾನ ಎಣಿಸೀನ್ರೀ. ಎಂಟು.”

ಇಂದುಮತಿಯ ಬೆನ್ನು ನೆಟ್ಟಗಾಯಿತು. ಎಲೆಯನ್ನು ಅಂಗಾತ ಮಾಡಿ ಅವನ ಮುಂದೆ ಇಟ್ಟಳು.

“ಎಣಿಸಿ. ಎಲ್ಲರಿಗೂ ಕೇಳುವ ಹಾಗೆ.”

ಮುದುಕ ಬೆರಳಿಟ್ಟು ಎಣಿಸಿದ. ನಡುವಿನ ಕೆಂಪು ಬೊಟ್ಟನ್ನು ಎರಡು ಸಲ ಎಣಿಸಿ ಎಂಟು ಎಂದ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇನ್ನೊಮ್ಮೆ,” ಎಂದಳು ಇಂದುಮತಿ.

ಈ ಸಲ ಏಳು ಬಂತು. ಬೀಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡಳು.

“ಬೇಕಂತ ನೀವ ಎಲೆ ಬದಲು ಮಾಡಿರಬೇಕು,” ಎಂದ ಮುದುಕ, ಸಣ್ಣ ದನಿಯಲ್ಲಿ.

ದೇಸಾಯರ ಮಗಳಿಗೆ ಇಂಥ ಮಾತು!

“ನಾನು ಬದಲು ಮಾಡುವವಳೇ? ಇಲ್ಲಿ ನೋಡಿ, ಈ ಎಸಳು ದಪ್ಪಗಿದೆ. ಈ ಎಸಳು ದಪ್ಪಗಿದ್ದರೆ ಏಳು. ಇದು ಒಂಬತ್ತು, ತಿರುಗಿಸಿ ನೋಡಿ. ಇದು ಗುಲಾಮ. ಇದು ರಾಣಿ. ಯಾವುದಾದರೂ ತಪ್ಪಿದೆಯೇ?”

ಒಂದೂ ತಪ್ಪಿರಲಿಲ್ಲ.

“ಅಂದ್ರ ನೀವು ಮೊದಲ ಗುರುತು ಮಾಡಿಟ್ಟೀರಿ?” ಎಂದ ಬೀಗ.

“ಮತ್ತೆ? ಇಷ್ಟು ಖಾತ್ರಿಯಾಗಿ ಹೇಗೆ ಹೇಳಲಿ?”

ದಂಡೆಗೆ ದಂಡೆಯೇ ನಕ್ಕಿತು. ದೋಣಿ ಬಂತು. ನಗುತ್ತಲೇ ಎದ್ದರು, ನಗುತ್ತಲೇ ಹತ್ತಿದರು. ಈರಬಸಪ್ಪ ಕೊನೆಗೆ ಹತ್ತಿ, ಬೀಗರಿಗೆ ಬೆನ್ನು ಮಾಡಿ, ನೀರಿನ ಕಡೆ ಮುಖ ತಿರುಗಿಸಿ ಕೂತ.

ಇಂದುಮತಿ ಮಂಟಪಕ್ಕೆ ಬಂದು ಕೈ ಚಾಚಿದಳು.

“ನಕ್ಕೋತ ಹತ್ತಿದರು ಅವ್ವಾ.”

“ಮುದುಕ?”

“ಅವರೊಬ್ಬರನ್ನು ಬಿಟ್ಟು. ಆದರೆ ನಾನು ಹೇಳಿದ್ದು ಸರಿ ಇತ್ತು.”

“ಸರಿ ಇತ್ತು.”

ರುಕ್ಮಾಬಾಯಿ ಎದ್ದು ಜಮಖಾನೆಯ ತನಕ ನಡೆದರು. ಇಂದುಮತಿ ಹಿಂದೆ ಹೋದಳು.

“ಮುದುಕ ಎಂಟು ಅಂದಾಗ, ಆಟೀನ್ ಎಂಟು ಎಲ್ಲಿತ್ತು?”

“ಇಲ್ಲೇ, ನನ್ನ ಮೊಣಕಾಲಿನ ಹತ್ತಿರ ಬೋರಲು ಬಿದ್ದಿತ್ತು.”

“ನಿನಗ ಗೊತ್ತಿತ್ತು?”

“ಎಸಳು ಕಾಣುತ್ತಿತ್ತಲ್ಲ.”

“ಮತ್ತ ಯಾಕ ಎತ್ತಿ ಕೊಡಲಿಲ್ಲ?”

ಇಂದುಮತಿ ಗುರುವನ್ನೇ ದಿಟ್ಟಿಸಿದಳು. “ಅವರು ತೆಗೆದದ್ದು ಏಳು ಅವ್ವಾ!”

“ಎಲೀ ಬೆನ್ನ ಓದಾಕ ಕಲಿಸಿದೆ. ಮನಷ್ಯಾರ ಮಾರಿ ಓದಾಕ ಯಾರು ಕಲಿಸಬೇಕು?”

ರುಕ್ಮಾಬಾಯಿ ಬಗ್ಗದೆ, ಅತ್ತ ಕಣ್ಣೂ ಹಾಯಿಸದೆ, ಕಾಲ ಬೆರಳಿನಿಂದ ಒಂದು ಎಲೆಯನ್ನು ಅವಳ ಕಡೆ ಸರಿಸಿದರು. ಇಂದುಮತಿ ಎತ್ತಿ ನೋಡಿದಳು. ಆಟೀನ್ ಎಂಟು.

“ದೋಣಿ ಇನ್ನೂ ಬಿಟ್ಟಿಲ್ಲ. ಬೀಗರ ಮುಂದ ಇದು ಮುದುಕನ ಪಟಗದಾಗ ಸಿಗಬೇಕು.”

“ಹಾಗೆ ಮಾಡಿದರೆ ತಪ್ಪು ನನ್ನದೆಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ.”

“ಆಗ್ತದ.”

“ಅವ್ವಾ, ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಯಾರ ಕ್ಷಮೆಯನ್ನೂ ಕೇಳಿದವರಲ್ಲ.”

ದೋಣಿಯವನು ಹಗ್ಗ ಬಿಚ್ಚತೊಡಗಿದ. ರುಕ್ಮಾಬಾಯಿ ಹಳೆಯ ಕಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

“ಹೋಗಿ ಕ್ಷಮಾ ಕೇಳು.”