ನೆಲಸಂಪಿಗೆ ಹೇಳಿ ಹೋದ ಮಾತು

ಉಂಡಾದ ಮೇಲೆ ಮುದ್ದವ್ವ ಕೈ ತೊಳೆಯುತ್ತಿದ್ದುದು ಜಗುಲಿಯ ಮೇಲಿನ ಹೂಕುಂಡದಲ್ಲೇ. ಒಂದು ತೊಟ್ಟೂ ಆಚೆ ಬೀಳಬಾರದು.

ಇದು ಲೋಕ ಇನ್ನೂ ಹೊಸದಾಗಿದ್ದಾಗಿನ ಮಾತು. ಆಗ ಗಿಡ ಮಾತಾಡುತ್ತಿತ್ತು, ಗಾಳಿಯೂ ಮಾತಾಡುತ್ತಿತ್ತು. ಮಣ್ಣು ಮಾತ್ರ ಸುಮ್ಮನಿದ್ದು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಿತ್ತು.

ಮುದ್ದವ್ವನ ಅಂಗಳದಲ್ಲಿ ಕರ್ಣಕುಂಡಲದ ಗಿಡವಿತ್ತು, ಕುಂಡದಲ್ಲಿ ನೆಲಸಂಪಿಗೆಯಿತ್ತು. ಒಂಟಿ ಹೆಂಗಸಿಗೆ ಅವರಿಬ್ಬರೇ ಜೊತೆ.

ಒಂದು ಬೆಳಿಗ್ಗೆ ಮಾಗಿಯ ಗಾಳಿ ಬಂತು. ಲೋಕಕ್ಕೆ ಅದೇ ಮೊದಲ ಚಳಿ. "ಎಳೆ ಎಲೆಯವರೆಲ್ಲ ಹೊರಡಿ," ಅಂದಿತು.

ಕರ್ಣಕುಂಡಲಕ್ಕೆ ಎಲ್ಲದಕ್ಕೂ ಅವಸರ. ಮುಟ್ಟಿದರೆ ಸಿಡಿಯುವ ಸ್ವಭಾವ. "ಹೋಗ್ತೀನಿ ಮುದ್ದವ್ವಾ!" ಅಂದುಬಿಟ್ಟಿತು.

"ಅಯ್ಯೋ, ಬಿಡ್ತು ಅನ್ನೇ! ಹೊರಡೋವಾಗ ಯಾರಾದರೂ ಹೋಗ್ತೀನಿ ಅಂತಾರಾ? ಬರ್ತೀನಿ ಅನ್ನಬೇಕು."

ಅಷ್ಟರಲ್ಲಿ ಮಣ್ಣು ಕೇಳಿಸಿಕೊಂಡಾಗಿತ್ತು. ಕರ್ಣಕುಂಡಲ ಬೇರುಸಮೇತ ಒಣಗಿತು. ಅದರ ಬೀಜಗಳು ಉಳಿದವು, ಅದು ಉಳಿಯಲಿಲ್ಲ.

ನೆಲಸಂಪಿಗೆ ಹೆದರಿತು. ಯೋಚಿಸಿ, ನಿಧಾನವಾಗಿ ಅಂದಿತು: "ಬರ್ತೀನಿ, ಮುದ್ದವ್ವಾ. ಗಡ್ಡೆಯೊಳಗೆ ಮಲಗಿರ್ತೀನಿ. ನೆಲದಲ್ಲಿರೋರ ಹಾಗೆ ಆಳಕ್ಕೆ ಇಳಿಯೋಣ ಅಂದರೆ ನನಗೆ ಕುಂಡದ ತಳ ತಾಗುತ್ತೆ. ಈ ಚಳಿಯಲ್ಲಿ ನೀರು ಬಿದ್ದರೆ ಕೊಳೆತೇಬಿಡ್ತೀನಿ. ಯುಗಾದಿವರೆಗೆ ಒಂದು ಹನಿಯೂ ಬೇಡ."

"ಒಂದು ಹನಿಯೂ?"

"ಒಂದು ಹನಿಯೂ."

ಎಲೆಗಳು ಹಳದಿಯಾದವು, ಮುದುರಿದವು, ಇಲ್ಲವಾದವು. ಮುದ್ದವ್ವ ಕುಂಡವನ್ನು ಒಲೆಯ ಗೋಡೆಗೆ ಒತ್ತಿ ಇಟ್ಟಳು. ಉಂಡೆದ್ದಾಗಲೆಲ್ಲ ಕಾಲು ತಾನಾಗಿ ಅತ್ತ ನಡೆಯುತ್ತಿತ್ತು. ಎಂಜಲು ಕೈ ಎದೆಗೊತ್ತಿಕೊಂಡು ಹಿತ್ತಲಿಗೆ ತಿರುಗುತ್ತಿದ್ದಳು.

ಪಕ್ಕದ ಮನೆಯ ದ್ಯಾವಕ್ಕ ನಕ್ಕಳು. "ಏನೇ ಮುದ್ದಿ, ಮಣ್ಣು ಸಾಕ್ತಿದ್ದೀಯಾ? ಹಾಲು ಎಷ್ಟು ಕೊಡುತ್ತೆ?"

"ಬರ್ತೀನಿ ಅಂದಿದ್ದಾಳೆ ಕಣಕ್ಕ."

"ಬರೋರು ಬಟ್ಟೆಬರೆನಾದರೂ ಬಿಟ್ಟು ಹೋಗಿರ್ತಾರೆ. ಸುಮ್ಮನೆ ಅದರಲ್ಲಿ ಹುರುಳಿ ಹಾಕು."

ಮೂರನೆಯ ತಿಂಗಳು ಮುದ್ದವ್ವನ ಧೈರ್ಯವೂ ತೆಳ್ಳಗಾಯಿತು. ಮಣ್ಣಿಗೆ ಬೆರಳಿಟ್ಟಳು. ತಣ್ಣಗೆ, ಒಣಕಲು. ಚೂರು ಕೆದಕಿ ನೋಡಿದರೆ? ಮಲಗಿದ್ದವಳಿಗೆ ಎಚ್ಚರವಾದರೆ? ಬೆರಳು ಹಿಂದಕ್ಕೆ ತೆಗೆದಳು.

ಯುಗಾದಿಗೆ ಎರಡು ದಿನ ಇರುವಾಗ ಬರಿ ಮಣ್ಣಿನಿಂದ ಒಂದು ಹೂವು ಎದ್ದಿತು. ಬಿಳಿ, ನಡುವೆ ನೇರಳೆ. ಕಾಂಡವಿಲ್ಲ, ಎಲೆಯಿಲ್ಲ. ಅಡುಗೆಮನೆ ತುಂಬ ಘಮ.

"ಎಲೆ ಎಲ್ಲೇ?"

"ಉಟ್ಟು ತೊಟ್ಟು ಬರೋಷ್ಟರಲ್ಲಿ ನೀನು ಹುರುಳಿ ಹಾಕಿಬಿಟ್ಟರೆ? ಅದಕ್ಕೇ ಹೂವಾಗಿ ಬಂದುಬಿಟ್ಟೆ. ಎಲೆ ಹಿಂದಿನಿಂದ ಬರುತ್ತೆ."

ಮುದ್ದವ್ವ ನಗಲಿಲ್ಲ. ಕುಂಡದ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಮುಂದಿನ ಮಾಗಿಗೂ ಹೋಗಿ ಬಾ, ಬೇಡ ಅನ್ನಲ್ಲ. ನಡುವೆ ಒಂದೇ ಒಂದು ಸಲ, ಒಳಗಿಂದ, ಇದ್ದೀನಿ ಅಂತ ಕೂಗ್ತೀಯಾ?"



ಇವತ್ತಿಗೂ ನೆಲಸಂಪಿಗೆ ಎಲೆಗಿಂತ ಮೊದಲು ಹೂವಾಗಿಯೇ ಬರುತ್ತದೆ. ಮಾಗಿಯಲ್ಲಿ ಮಾತ್ರ, ನೀವು ಅದರ ಕುಂಡಕ್ಕೆ ಎಷ್ಟು ಹೊತ್ತು ಕಿವಿಯಿಟ್ಟರೂ, ಒಳಗಿಂದ ಸದ್ದಿಲ್ಲ.